ಪೂರ್ವ ಏಷ್ಯಾದ ಸಿನಿಮಾ ಮತ್ತು ಕನ್ನಡದ ಒಳನಾಡು

ಚೀನ, ಹಾಂಗ್‌ಕಾಂಗ್, ತೈವಾನ್, ಜಪಾನ್ ಮತ್ತು ಕೊರಿಯಾಗಳಲ್ಲಿ ತಯಾರಾದ ಚಲನಚಿತ್ರಗಳಿಗೆ ಒಟ್ಟಾಗಿ ಪೂರ್ವ ಏಷ್ಯಾದ ಸಿನಿಮಾ ಎನ್ನುವುದು ವಾಡಿಕೆ. ಇದರ ಚರಿತ್ರೆಯನ್ನು ಸಾಮಾನ್ಯವಾಗಿ ದೇಶವಾರು ಬರೆಯುತ್ತಾರೆ: ಚೀನಕ್ಕೊಂದು ಅಧ್ಯಾಯ, ಜಪಾನಿಗೊಂದು, ಕೊರಿಯಾಕ್ಕೊಂದು, ಪ್ರತಿಯೊಂದರಲ್ಲೂ ನಾಲ್ಕಾರು ದೊಡ್ಡ ನಿರ್ದೇಶಕರು, ಯುರೋಪಿನ ಉತ್ಸವಗಳಲ್ಲಿ ಅವರಿಗೆ ಬಂದ ಬಹುಮಾನಗಳು. ಈ ಕ್ರಮದಲ್ಲಿ ಮಾಹಿತಿ ಸಿಗುತ್ತದೆ, ಕಾರಣ ಸಿಗುವುದಿಲ್ಲ. 1980ರ ನಂತರ ಜಗತ್ತಿನ ಸಿನಿಮಾಕ್ಕೆ ಹೊಸ ಕಣ್ಣು ಕೊಟ್ಟ ಚಿತ್ರಗಳಲ್ಲಿ ಇಷ್ಟು ದೊಡ್ಡ ಪಾಲು ಈ ಭಾಗದಿಂದಲೇ ಏಕೆ ಬಂತು ಎಂಬ ಪ್ರಶ್ನೆಗೆ ಬಂಡವಾಳವಾಗಲಿ, ತಂತ್ರಜ್ಞಾನವಾಗಲಿ, ಸರ್ಕಾರಗಳ ಔದಾರ್ಯವಾಗಲಿ ಉತ್ತರವಾಗಲಾರದು. ಚಿತ್ರಗಳನ್ನೇ ಒಂದರ ಪಕ್ಕ ಒಂದಿಟ್ಟು ನೋಡಿದಾಗ ಎದ್ದು ಕಾಣುವ ಸಂಗತಿ ಬೇರೆ. ರಾಜಧಾನಿಯಿಂದ ದೂರದ ಊರು, ಅಲ್ಲಿನ ಆಡುನುಡಿ, ಅಲ್ಲಿನ ಜನರ ಆಟಪಾಟ ಈ ಮೂರನ್ನು ನಂಬಿ ನಿರ್ದೇಶಕರು ಕ್ಯಾಮೆರಾ ಇಟ್ಟಾಗಲೆಲ್ಲ ಈ ಭಾಗದ ಸಿನಿಮಾ ಬೆಳೆದಿದೆ. ಈ ವಾದವನ್ನು ಒರೆಗೆ ಹಚ್ಚಲು ಬೆಳಗಾವಿ ಜಿಲ್ಲೆಯ ಕಟಕೋಳ, ರಾಮದುರ್ಗ, ಸವದತ್ತಿ, ಬೈಲಹೊಂಗಲ, ಕಿತ್ತೂರುಗಳ ಸೀಮೆ ಒಂದು ತಕ್ಕ ನೆಲೆ. ಕನ್ನಡ ಸಿನಿಮಾ ಹುಟ್ಟಿದ್ದು ಈ ಸೀಮೆಯ ಪಕ್ಕದಲ್ಲೇ. ಆದರೂ ಅದು ಬಹುಕಾಲ ಈ ಸೀಮೆಯನ್ನು ನೋಡಲಿಲ್ಲ.

ಮೊದಲು ಆಡಳಿತದ ಮಾತು. ಚೀನೀ ಭಾಷೆಗಳ ಸಿನಿಮಾ ಒಂದೇ ದೇಶದ ಸಿನಿಮಾ ಅಲ್ಲ. 1949ರ ನಂತರ ಅದು ಕಮ್ಯುನಿಸ್ಟ್ ಚೀನ, ಬ್ರಿಟಿಷ್ ಆಳ್ವಿಕೆಯ ಹಾಂಗ್‌ಕಾಂಗ್, ಕ್ವೊಮಿಂಟಾಂಗ್ ಆಳ್ವಿಕೆಯ ತೈವಾನ್ ಎಂಬ ಮೂರು ಸರ್ಕಾರಗಳ ಅಡಿಯಲ್ಲಿ, ಮೂರು ಬಗೆಯ ಸೆನ್ಸಾರ್ ಮತ್ತು ಮಾರುಕಟ್ಟೆಗಳಲ್ಲಿ ಬೆಳೆಯಿತು. ಸಿಂಗಪುರ, ಮಲಯಾಗಳ ವಲಸಿಗ ಪ್ರೇಕ್ಷಕರು ನಾಲ್ಕನೆಯ ನೆಲೆ. ಇದನ್ನು ಗ್ರಹಿಸಲು ಮುಂಬಯಿ ಕರ್ನಾಟಕದ ಓದುಗರಿಗೆ ಹೆಚ್ಚಿನ ವಿವರಣೆ ಬೇಕಾಗಿಲ್ಲ. ಸ್ವಾತಂತ್ರ್ಯಕ್ಕೆ ಮುಂಚೆ ಬೈಲಹೊಂಗಲ, ಕಿತ್ತೂರುಗಳು ಸಂಪಗಾಂವ ತಾಲೂಕಿನಲ್ಲಿ, ಸವದತ್ತಿ ಪರಸಗಡ ತಾಲೂಕಿನಲ್ಲಿ ಬ್ರಿಟಿಷ್ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ರಾಮದುರ್ಗ ತನ್ನದೇ ಅರಸರ ಸಂಸ್ಥಾನ. ಕಟಕೋಳ, ತೊರಗಲ್ಲುಗಳ ಭಾಗ ಕೊಲ್ಹಾಪುರದ ಕೈಕೆಳಗೆ. ಒಂದು ದಿನದ ಚಕ್ಕಡಿ ದಾರಿಯೊಳಗೆ ಮೂರು ಸರ್ಕಾರ, ಆಡುವ ಮಾತು ಒಂದೇ ಕನ್ನಡ. 1948–49ರಲ್ಲಿ ಸಂಸ್ಥಾನಗಳು ಮುಂಬಯಿಯಲ್ಲಿ ವಿಲೀನವಾಗಿ, 1956ರಲ್ಲಿ ಎಲ್ಲವೂ ಮೈಸೂರು ರಾಜ್ಯಕ್ಕೆ ಬಂದವು. ಭಾಷೆಯೊಂದು ಹಲವು ಆಡಳಿತಗಳಲ್ಲಿ ಹಂಚಿಹೋದಾಗ ಕಲೆ ಎಲ್ಲಿ ತಯಾರಾಗುತ್ತದೆ, ಯಾರ ಉಚ್ಚಾರದಲ್ಲಿ ತಯಾರಾಗುತ್ತದೆ ಎಂಬುದೇ ಅದರ ಹಣೆಬರಹವನ್ನು ತೀರ್ಮಾನಿಸುತ್ತದೆ. ಚೀನೀ ಸಿನಿಮಾದ ನೂರು ವರ್ಷಗಳ ಒಳಜಗಳವೂ ಇದೇ.

ಕಟಕೋಳವನ್ನು ಆಳುತ್ತಿದ್ದ ಕೊಲ್ಹಾಪುರ ಭಾರತೀಯ ಸಿನಿಮಾದ ತೊಟ್ಟಿಲುಗಳಲ್ಲಿ ಒಂದು. ಬಾಬುರಾವ್ ಪೇಂಟರ್ ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿ ಅಲ್ಲಿ ಬೆಳೆಯಿತು. ಅಲ್ಲಿ ಕೆಲಸ ಕಲಿತ ವಿ. ಶಾಂತಾರಾಂ ಮತ್ತು ಗೆಳೆಯರು 1929ರಲ್ಲಿ ಪ್ರಭಾತ್ ಕಂಪನಿ ಕಟ್ಟಿ 1933ರಲ್ಲಿ ಪುಣೆಗೆ ಹೋದರು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಚಿತ್ರೀಕರಣಗೊಂಡದ್ದು ಇದೇ ಕೊಲ್ಹಾಪುರದ ಛತ್ರಪತಿ ಸ್ಟುಡಿಯೊದಲ್ಲಿ, ವೈ.ವಿ. ರಾವ್ ನಿರ್ದೇಶನದ ಆ ಚಿತ್ರ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್ ಮೊದಲಾದ ಕಲಾವಿದರು ದಕ್ಷಿಣದ ನಾಟಕ ಕಂಪನಿಗಳಿಂದ ಬಂದವರು. ಸ್ಟುಡಿಯೊ ಕಟಕೋಳದ ದೊರೆಯ ರಾಜಧಾನಿಯಲ್ಲಿತ್ತು, ಪರದೆಯ ಮೇಲಿನ ಕನ್ನಡ ಮೈಸೂರು ಕಡೆಯದಾಗಿತ್ತು. ಮುಂದೆ ಕನ್ನಡ ಚಿತ್ರೋದ್ಯಮ ಮದ್ರಾಸಿನಲ್ಲಿ ನೆಲೆಯೂರಿ, ಅಲ್ಲಿಂದ ಬೆಂಗಳೂರಿಗೆ ಬಂದಾಗಲೂ ಈ ಅಂತರ ಮುಚ್ಚಲಿಲ್ಲ. ಉತ್ತರದ ಆಡುನುಡಿಗೆ ಬಹಳ ವರ್ಷ ಸಿಕ್ಕಿದ್ದು ಹಾಸ್ಯಪಾತ್ರದ ಜಾಗ. ಚೀನದ ಜತೆಗಿನ ನಮ್ಮ ಸಿನಿಮಾ ನಂಟಿನ ಒಂದು ಎಳೆಯೂ ಕೊಲ್ಹಾಪುರದ ಈ ಬಳಗದಿಂದಲೇ ಬರುತ್ತದೆ: 1938ರಲ್ಲಿ ಭಾರತೀಯ ವೈದ್ಯಕೀಯ ತಂಡದೊಡನೆ ಚೀನಕ್ಕೆ ಹೋಗಿ 1942ರಲ್ಲಿ ಅಲ್ಲೇ ತೀರಿಕೊಂಡ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸರ ಬದುಕನ್ನು ಶಾಂತಾರಾಂ 1946ರಲ್ಲಿ 'ಡಾ. ಕೋಟ್ನಿಸ್ ಕೀ ಅಮರ್ ಕಹಾನಿ' ಎಂದು ತೆರೆಗೆ ತಂದರು. ಕೋಟ್ನಿಸರ ಪಾತ್ರವನ್ನು ತಾವೇ ಮಾಡಿದರು. ಪುಣೆಯ ಪ್ರಭಾತ್ ಆವರಣದಲ್ಲಿ 1960ರಲ್ಲಿ ಚಲನಚಿತ್ರ ತರಬೇತಿ ಸಂಸ್ಥೆ ಆರಂಭವಾಯಿತು. 1964ರಲ್ಲಿ ಅದೇ ಊರಿನಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಗಾರ ಸ್ಥಾಪನೆಯಾಯಿತು. ಜಪಾನಿನ ಕುರೊಸಾವಾ, ಓಜು ಮುಂತಾದವರ ಚಿತ್ರಗಳು ಕನ್ನಡದ ಒಂದು ತಲೆಮಾರಿನ ನಿರ್ದೇಶಕರನ್ನು ಮುಟ್ಟಿದ್ದು ಬಹುಮಟ್ಟಿಗೆ ಈ ದಾರಿಯಿಂದ.

ಪೂರ್ವ ಏಷ್ಯಾದ ಸಿನಿಮಾ ತನ್ನ ರಂಗಭೂಮಿಯನ್ನು ನಡೆಸಿಕೊಂಡ ರೀತಿ ಇಲ್ಲಿ ಗಮನಾರ್ಹ. ಚೀನದ ಮೊದಲ ಚಿತ್ರವೆಂದು ಎಣಿಸುವ 1905ರ 'ಡಿಂಗ್‌ಜುನ್ ಮೌಂಟನ್' ಬೀಜಿಂಗಿನ ಗೇಯನಾಟಕದ ಹೆಸರಾಂತ ನಟ ತಾನ್ ಶಿನ್‌ಪೇ ಅವರ ಆಟದ ದಾಖಲೆ. ಅಲ್ಲಿಂದ ಅರವತ್ತು ವರ್ಷಗಳ ನಂತರ ನಿರ್ದೇಶಕ ಕಿಂಗ್ ಹು 'ಕಮ್ ಡ್ರಿಂಕ್ ವಿತ್ ಮಿ' (1966), 'ಡ್ರ್ಯಾಗನ್ ಇನ್' (1967), 'ಎ ಟಚ್ ಆಫ್ ಜೆನ್' (1971) ಚಿತ್ರಗಳಲ್ಲಿ ಖಡ್ಗವೀರರ ಕಥೆಗಳನ್ನು ಮರುರೂಪಿಸಿದಾಗ ಕಾಳಗದ ಲಯವನ್ನು ತೆಗೆದುಕೊಂಡದ್ದು ಅದೇ ಗೇಯನಾಟಕದ ತಾಳವಾದ್ಯ ಮತ್ತು ಹೆಜ್ಜೆಗಳಿಂದ. ಜಾಕಿ ಚಾನ್, ಸ್ಯಾಮೊ ಹಂಗ್ ಇಬ್ಬರೂ ಹಾಂಗ್‌ಕಾಂಗಿನ ಗೇಯನಾಟಕ ಶಾಲೆಯೊಂದರಲ್ಲಿ ಚಿಕ್ಕಂದಿನಿಂದ ಪಳಗಿದವರು. ನಮ್ಮ ಊರುಗಳ ಟೂರಿಂಗ್ ಟಾಕೀಸು, ವಿಡಿಯೊ ಪಾರ್ಲರುಗಳಲ್ಲಿ ಜನ ಶಿಳ್ಳೆ ಹೊಡೆದು ನೋಡಿದ ಆ ಹೊಡೆದಾಟಗಳ ಹಿಂದೆ ನೂರಾರು ವರ್ಷದ ರಂಗಶಿಸ್ತು ಇದೆ. ಕೊರಿಯಾದಲ್ಲಿ ಇಮ್ ಕ್ವಾನ್ ತೇಕ್ 1993ರಲ್ಲಿ 'ಸೊಪ್ಯೊಂಜೆ' ಮಾಡಿದರು. ಪಾನ್ಸೊರಿ ಎಂಬ ಕಥನಗಾಯನವನ್ನು ಹಾಡಿಕೊಂಡು ಊರೂರು ಅಲೆಯುವ ಕುಟುಂಬವೊಂದರ ಕಥೆ ಅದು. ಸೋಲ್ ನಗರವೊಂದರಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಜನ ನೋಡಿದ ಮೊದಲ ಕೊರಿಯನ್ ಚಿತ್ರವೂ ಅದೇ. ಹಳೆಯ ಕಲೆ ಎಂದರೆ ಗಲ್ಲಾಪೆಟ್ಟಿಗೆಗೆ ನಷ್ಟ ಎನ್ನುವ ಮಾತಿಗೆ ಇದಕ್ಕಿಂತ ಗಟ್ಟಿ ಉತ್ತರ ಬೇಕಿಲ್ಲ.

ಇದರ ಮುಂದೆ ನಮ್ಮ ಸೀಮೆಯ ಲೆಕ್ಕ ಇಡಬೇಕು. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಏಣಗಿ ಬಾಳಪ್ಪನವರು ನೂರು ದಾಟಿ ಬದುಕಿ 2017ರಲ್ಲಿ ತೀರಿಕೊಂಡರು. ಕಂಪನಿ ನಾಟಕ, ಹಾಡುಗಾರಿಕೆ, ಬಸವಣ್ಣನ ಪಾತ್ರ ಇವುಗಳಿಂದ ಉತ್ತರ ಕರ್ನಾಟಕದ ಮನೆಮಾತಾದವರು. ಬೈಲಹೊಂಗಲ ಕಡೆಯಲ್ಲಿ ನಡೆದ ಕೊಲೆಯೊಂದರ ಸುತ್ತ ಹುಟ್ಟಿದ 'ಸಂಗ್ಯಾ ಬಾಳ್ಯಾ' ಸಣ್ಣಾಟ ಇಂದಿಗೂ ಆಡುತ್ತಿರುವ ಆಟ. ಗೆಳೆತನ, ಪರಸ್ತ್ರೀ ಮೋಹ, ಸೇಡು ಇವುಗಳ ಈ ಕಥೆಯನ್ನು ಓದುಗರಿಗೆ ತಲುಪಿಸಿದವರಲ್ಲಿ ಇದೇ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು ಮುಖ್ಯರು. 1992ರಲ್ಲಿ ಸುಂದರ್ ಕೃಷ್ಣ ಅರಸ್ ಅದನ್ನು ಸಿನಿಮಾ ಮಾಡಿದರು. ಕಂಬಾರರು ತಾವೇ ನಿರ್ದೇಶಿಸಿದ 'ಕಾಡು ಕುದುರೆ'ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ಇಷ್ಟಾದರೂ ಸಣ್ಣಾಟ, ಪಾರಿಜಾತ, ದೊಡ್ಡಾಟಗಳ ಮೈಕಟ್ಟು ಮತ್ತು ದನಿ ಕನ್ನಡ ಸಿನಿಮಾದ ನಡಿಗೆಯೊಳಗೆ ಇಳಿಯಲಿಲ್ಲ. ಅವು ಬಿಡಿ ಪ್ರಯೋಗಗಳಾಗಿ ಉಳಿದವು. ಕಿಂಗ್ ಹು ಗೇಯನಾಟಕದಿಂದ ಒಂದು ಸಿನಿಮಾ ವ್ಯಾಕರಣವನ್ನೇ ತೆಗೆದರು. ಅಂಥ ಕೆಲಸ ಇಲ್ಲಿ ಆಗದೆ ಉಳಿದದ್ದಕ್ಕೆ ಕಲಾವಿದರ ಕೊರತೆ ಕಾರಣವಲ್ಲ. ಸ್ಟುಡಿಯೊಗಳು ದೂರದ ಮದ್ರಾಸಿನಲ್ಲಿದ್ದವು. ಅವಕ್ಕೆ ನಟರನ್ನು ಒದಗಿಸಿದ ಕಂಪನಿಗಳು ಬೇರೆಯವು.

ಕನ್ನಡಕ್ಕೆ ಮೊದಲು ಬಂದು ಮುಟ್ಟಿದ ಪೂರ್ವ ಏಷ್ಯಾದ ದೊಡ್ಡ ಪ್ರಭಾವ ಜಪಾನಿನದು. 'ರಾಶೊಮೊನ್' 1951ರಲ್ಲಿ ವೆನಿಸ್‌ನ ದೊಡ್ಡ ಪ್ರಶಸ್ತಿ ಪಡೆದ ಮೇಲೆ ಅಕಿರಾ ಕುರೊಸಾವಾ ಹೆಸರು ಜಗತ್ತಿನ ತುಂಬ ಹರಡಿತು. 1954ರ 'ಸೆವೆನ್ ಸಮುರಾಯ್' ಕಾಳಗದ ಚಿತ್ರಗಳಿಗೆ ಮಾದರಿಯಾಯಿತು. ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' (1978) ಕುರೊಸಾವಾನ ಸಮುರಾಯ್ ಚಿತ್ರಗಳಿಗೆ ಕನ್ನಡ ಕೊಟ್ಟ ನೇರ ಪ್ರತಿಕ್ರಿಯೆ. ಕೂಲಿಗಾಗಿ ಕಾದಾಡುವ ಗಂಡುಗಲಿಯಾಗಿ ಶಂಕರ್‌ನಾಗ್, ಎದುರಾಳಿ ಪೆರುಮಾಡಿಯಾಗಿ ಸುಂದರ್ ಕೃಷ್ಣ ಅರಸ್, ಎ.ಕೆ. ಬೀರ್ ಛಾಯಾಗ್ರಹಣ, ಭಾಸ್ಕರ್ ಚಂದಾವರ್ಕರ್ ಸಂಗೀತ. ಈ ಪಾತ್ರಕ್ಕೆ ಶಂಕರ್‌ನಾಗ್ ಅವರಿಗೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂದಿತು. ಚಿತ್ರ ಬೆಲೆಯುಳ್ಳದ್ದಾದದ್ದು ಕತ್ತಿಯ ಅನುಕರಣೆಯಿಂದಲ್ಲ. ಒಡೆಯನಿಲ್ಲದ ಸಮುರಾಯಿಯ ಜಾಗದಲ್ಲಿ ಮಧ್ಯಯುಗದ ಕನ್ನಡ ನಾಡಿನ ಕೂಲಿಸೈನಿಕನನ್ನು, ಪಾಳೆಯಗಾರರ ದಾಯಾದಿ ಜಗಳವನ್ನು, ಇಲ್ಲಿನ ಬೆಟ್ಟಗುಡ್ಡವನ್ನು ಇಟ್ಟದ್ದರಿಂದ. ಪುಣೆಯಲ್ಲಿ ಕಲಿತ ಗಿರೀಶ ಕಾಸರವಳ್ಳಿ ಇನ್ನೊಂದು ದಾರಿ ಹಿಡಿದರು. ಅವರು ತಮ್ಮ ಮೆಚ್ಚಿನ ನಿರ್ದೇಶಕರಲ್ಲಿ ಯಾಸುಜಿರೊ ಓಜು ಅವರನ್ನು ಹೆಸರಿಸಿದ್ದಾರೆ. ಓಜುವಿನ 'ಟೋಕಿಯೊ ಸ್ಟೋರಿ' (1953) ಹೆಸರಿಗೆ ರಾಜಧಾನಿಯ ಕಥೆ. ಅದರ ತೂಕವೆಲ್ಲ ಒನೊಮಿಚಿ ಎಂಬ ಕಡಲತೀರದ ಪಟ್ಟಣದಿಂದ ಮಕ್ಕಳನ್ನು ನೋಡಲು ಬಂದು, ಅಲ್ಲಿ ಯಾರಿಗೂ ಪುರುಸೊತ್ತಿಲ್ಲವೆಂದು ತಿಳಿದು, ಹಿಂತಿರುಗುವ ಮುದುಕ ಮುದುಕಿಯರ ಮೇಲೆ ನಿಂತಿದೆ. 'ಘಟಶ್ರಾದ್ಧ' (1977) ಮತ್ತು 'ತಾಯಿ ಸಾಹೇಬ' (1997) ಚಿತ್ರಗಳಲ್ಲಿ ಮನೆಯ ಪಡಸಾಲೆ, ಬಾಗಿಲು, ಅಂಗಳಗಳೇ ಸಂಬಂಧಗಳ ಕಥೆ ಹೇಳುವುದನ್ನು ನೋಡಿದವರಿಗೆ ಈ ಒಲವಿನ ಅರ್ಥ ಹೊಳೆಯುತ್ತದೆ.

ಚೀನದ ಸಿನಿಮಾದಲ್ಲಿ 1930ರ ದಶಕದ ಶಾಂಘಾಯ್ ಒಂದು ಹಿರಿಯ ಘಟ್ಟ. 'ಸತಿ ಸುಲೋಚನ' ಬಂದ ವರ್ಷವೇ ಅಲ್ಲಿ ವು ಯೊಂಗ್‌ಗಾಂಗ್ ನಿರ್ದೇಶನದ, ರುವಾನ್ ಲಿಂಗ್ಯು ನಟಿಸಿದ ಮೂಕಿಚಿತ್ರ 'ದಿ ಗಾಡೆಸ್' ಬಂದಿತ್ತು. ಆದರೆ 2005ರಲ್ಲಿ ಹಾಂಗ್‌ಕಾಂಗ್ ಚಲನಚಿತ್ರ ಪ್ರಶಸ್ತಿ ಮಂಡಳಿ ಚೀನೀ ಭಾಷೆಗಳ ಶ್ರೇಷ್ಠ ಚಿತ್ರಗಳನ್ನು ಆರಿಸಿದಾಗ ಮೊದಲ ಸ್ಥಾನ ಪಡೆದದ್ದು ಫೆಯ್ ಮು ಅವರ 'ಸ್ಪ್ರಿಂಗ್ ಇನ್ ಎ ಸ್ಮಾಲ್ ಟೌನ್' (1948): ಯುದ್ಧದಲ್ಲಿ ಹಾಳಾದ ಪುಟ್ಟ ಪಟ್ಟಣ, ಕುಸಿದ ಕೋಟೆಗೋಡೆ, ಐದೇ ಪಾತ್ರಗಳು. ಸಾಂಸ್ಕೃತಿಕ ಕ್ರಾಂತಿಯ ನಂತರ ಮತ್ತೆ ತೆರೆದ ಬೀಜಿಂಗ್ ಚಲನಚಿತ್ರ ಅಕಾಡೆಮಿಯಿಂದ 1982ರಲ್ಲಿ ಹೊರಬಂದ ತಂಡವನ್ನು ಐದನೆಯ ತಲೆಮಾರು ಎನ್ನುತ್ತಾರೆ. ಅವರ ಮೊದಲ ಮಹತ್ವದ ಚಿತ್ರಗಳು ಬೀಜಿಂಗ್ ಅಥವಾ ಶಾಂಘಾಯ್ ಸ್ಟುಡಿಯೊಗಳಿಂದ ಬರಲಿಲ್ಲ. ಚೆನ್ ಕೈಗೆ ನಿರ್ದೇಶಿಸಿ ಜಾಂಗ್ ಯಿಮೋ ಛಾಯಾಗ್ರಹಣ ಮಾಡಿದ 'ಯೆಲ್ಲೋ ಅರ್ತ್' (1984) ದಕ್ಷಿಣದ ಮೂಲೆಯ ಗುವಾಂಗ್ಶಿ ಸ್ಟುಡಿಯೊದ್ದು. ವು ಟಿಯಾನ್‌ಮಿಂಗ್ ಮುಖ್ಯಸ್ಥರಾಗಿದ್ದ ಶಿಆನ್ ಸ್ಟುಡಿಯೊ ಜಾಂಗ್ ಯಿಮೋ ಅವರ 'ರೆಡ್ ಸೊರ್ಗಮ್'ಗೆ (1987) ಹಣ ಹೂಡಿತು. ವು ಅವರೇ ನಿರ್ದೇಶಿಸಿದ 'ಓಲ್ಡ್ ವೆಲ್' (1987) ನೀರಿಲ್ಲದ ಬೆಟ್ಟದೂರಿನಲ್ಲಿ ತಲೆಮಾರುಗಳಿಂದ ಬಾವಿ ತೋಡುವವರ ಕಥೆ. ರಾಜಧಾನಿಯ ಸ್ಟುಡಿಯೊಗಳಲ್ಲಿ ಹಿರಿಯರ ಸಾಲು ಉದ್ದವಿತ್ತು, ಕಣ್ಗಾವಲೂ ಬಿಗಿಯಾಗಿತ್ತು. ದೂರದ ಸ್ಟುಡಿಯೊಗಳಲ್ಲಿ ಹುಡುಗರಿಗೆ ಜಾಗ ಸಿಕ್ಕಿತು. 'ಯೆಲ್ಲೋ ಅರ್ತ್'ನಲ್ಲಿ ಜನಪದ ಹಾಡು ಸಂಗ್ರಹಿಸಲು ಬಂದ ಸೈನಿಕನೊಬ್ಬನಿದ್ದಾನೆ. ಕಥೆಯ ಕಾಲ 1939. ಹಲಸಂಗಿ ಗೆಳೆಯರ 'ಗರತಿಯ ಹಾಡು' ಪ್ರಕಟವಾದದ್ದು 1931ರಲ್ಲಿ. ಹಾಡು ಕೂಡಿಡುವ ಆಸೆ, ಹಾಡುವ ಹೆಂಗಸಿನ ಬದುಕನ್ನು ಬದಲಿಸಲಾರದ ಅಸಹಾಯಕತೆ ಎರಡೂ ನಮಗೆ ಗೊತ್ತಿರುವಂಥವೇ. ಸಾಹಿತ್ಯದೊಂದಿಗಿನ ಕೊಡುಕೊಳೆಯೂ ಹಾಗೆಯೇ: ಮೋ ಯಾನ್, ಸು ತೊಂಗ್ ಮೊದಲಾದ ಕಥೆಗಾರರಿಲ್ಲದೆ ಜಾಂಗ್ ಯಿಮೋ ಇಲ್ಲ, ಅನಂತಮೂರ್ತಿ, ಕಾರಂತ, ಭೈರಪ್ಪನವರ ಕೃತಿಗಳಿಲ್ಲದೆ 'ಸಂಸ್ಕಾರ', 'ಚೋಮನ ದುಡಿ', 'ವಂಶವೃಕ್ಷ'ಗಳ ಹೊಸ ಅಲೆಯೂ ಇಲ್ಲ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಹಳ್ಳಿಯನ್ನು ತೋರಿಸಿದ ಈ ಚಿತ್ರಗಳು ಹಳ್ಳಿಯವರಿಗಾಗಿ ಮಾಡಿದವಲ್ಲ, ಹೊರನಾಡಿನ ಉತ್ಸವಗಳ ಕಣ್ಣಿಗೆ ಹಬ್ಬವಾಗಲೆಂದು ಅಲಂಕರಿಸಿದವು ಎನ್ನುತ್ತದೆ ಅದು. ಚೀನದೊಳಗಿನ ವಿಮರ್ಶಕರೇ ಜಾಂಗ್ ಯಿಮೋ ಮೇಲೆ ಈ ಆರೋಪ ಹೊರಿಸಿದರು. 'ರೇಯ್ಸ್ ದ ರೆಡ್ ಲ್ಯಾಂಟರ್ನ್'ನಲ್ಲಿ (1991) ಯಾವ ಹೆಂಡತಿಯ ಮನೆಗೆ ಯಜಮಾನ ಹೋಗುತ್ತಾನೋ ಅಲ್ಲಿ ಕೆಂಪು ಲಾಟೀನು ಹಚ್ಚುವ ಪದ್ಧತಿ ಚಿತ್ರಕ್ಕಾಗಿ ಹೊಸೆದದ್ದು, ಊರಿನ ಆಚಾರವಲ್ಲ. ಆ ಮಟ್ಟಿಗೆ ಆಕ್ಷೇಪವನ್ನು ಒಪ್ಪಲೇಬೇಕು. ಆದರೆ ಅದೇ ನಿರ್ದೇಶಕರು ಮರುವರ್ಷವೇ 'ದಿ ಸ್ಟೋರಿ ಆಫ್ ಚ್ಯೂ ಜೂ' (1992) ಮಾಡಿದರು. ಊರಿನ ಮುಖ್ಯಸ್ಥ ಗಂಡನನ್ನು ಒದ್ದದ್ದಕ್ಕೆ ಕ್ಷಮೆ ಕೇಳಲಿ ಎಂದು ತುಂಬು ಗರ್ಭಿಣಿಯೊಬ್ಬಳು ಮೆಣಸಿನಕಾಯಿ ಮಾರಿ ದುಡ್ಡು ಹೊಂದಿಸಿಕೊಂಡು ಊರಿನಿಂದ ಹೋಬಳಿಗೆ, ಅಲ್ಲಿಂದ ಜಿಲ್ಲೆಗೆ, ನಗರಕ್ಕೆ ಅಲೆಯುತ್ತಾಳೆ. ಗೊಂಗ್ ಲೀ ಹಾಗೂ ಕೆಲವರನ್ನು ಬಿಟ್ಟರೆ ಪರದೆ ಮೇಲಿರುವವರು ಸಾಮಾನ್ಯ ಜನ. ಬಚ್ಚಿಟ್ಟ ಕ್ಯಾಮೆರಾದಲ್ಲಿ ಸಂತೆ ಬೀದಿಗಳನ್ನು ಸೆರೆಹಿಡಿದಿದ್ದಾರೆ. ಮಾತು ಶಾಆನ್‌ಶಿ ಪ್ರಾಂತದ ಆಡುನುಡಿ. ತೇಜಸ್ವಿಯವರ ಕಥೆಯ ಮೇಲೆ ಕಾಸರವಳ್ಳಿ ಮಾಡಿದ 'ತಬರನ ಕಥೆ'ಯನ್ನು (1986) ಇದರ ಪಕ್ಕ ಇಡಬಹುದು. ತಬರ ಕೇಳುವುದು ಪಿಂಚಣಿ, ಚ್ಯೂ ಜೂ ಕೇಳುವುದು ಒಂದು ಮಾತು. ಕಚೇರಿಗಳ ಮೆಟ್ಟಿಲು ಇಬ್ಬರಿಗೂ ಒಂದೇ. ತಬರನಿಗೆ ನ್ಯಾಯ ತಡವಾಗಿ ಬಂದು ವ್ಯರ್ಥವಾಗುತ್ತದೆ. ಚ್ಯೂ ಜೂಗೆ ಅವಳು ಬೇಡದ ರೂಪದಲ್ಲಿ, ಬೇಡವಾದ ಹೊತ್ತಿನಲ್ಲಿ ಬರುತ್ತದೆ. ಕಚೇರಿಯ ಅನುಭವವಿರುವ ಯಾವ ರೈತನಿಗೂ ಈ ಎರಡು ಚಿತ್ರಗಳಿಗೆ ವ್ಯಾಖ್ಯಾನ ಬೇಕಾಗದು. ಅಲಂಕಾರದ ಹಳ್ಳಿ ಮತ್ತು ನಿಜವಾದ ಹಳ್ಳಿಯ ನಡುವಿನ ಭೇದವನ್ನು ಭಾಷೆಯೇ ಕಾಣಿಸಿಕೊಡುತ್ತದೆ: ಪಾತ್ರಗಳು ಶಿಷ್ಟ ನುಡಿ ಆಡಿದಲ್ಲಿ ಲಾಟೀನು ಹೊಳೆಯುತ್ತದೆ, ಆಡುನುಡಿ ಆಡಿದಲ್ಲಿ ಮನುಷ್ಯರು ಕಾಣುತ್ತಾರೆ.

ತೈವಾನ್ ಈ ಮಾತಿಗೆ ಅತ್ಯಂತ ಬಲವಾದ ಸಾಕ್ಷಿ. 1949ರಿಂದ 1987ರವರೆಗೆ ಅಲ್ಲಿ ಸೈನಿಕ ಕಾಯಿದೆ ಇತ್ತು. ಶಾಲೆಯಲ್ಲಿ, ಪರದೆಯಲ್ಲಿ ಮ್ಯಾಂಡರಿನ್‌ಗೇ ಮಣೆ. ಹೌ ಶಿಯಾವೊ ಶಿಯೆನ್ ತಮ್ಮ ಬಾಲ್ಯವನ್ನು ಆಧರಿಸಿದ 'ಎ ಟೈಮ್ ಟು ಲಿವ್, ಎ ಟೈಮ್ ಟು ಡೈ' (1985) ಚಿತ್ರದಲ್ಲಿ ಫೆಂಗ್‌ಶಾನ್ ಎಂಬ ಸಣ್ಣ ಊರನ್ನೂ, ಕಡಲಾಚೆಯ ತವರಿಗೆ ನಡೆದೇ ಹೋಗಬಹುದೆಂದು ನಂಬಿರುವ ಅಜ್ಜಿಯನ್ನೂ ತೋರಿಸಿದರು. 1947ರ ಫೆಬ್ರವರಿ 28ರ ನಂತರದ ಹತ್ಯಾಕಾಂಡವನ್ನು ಕುರಿತ 'ಎ ಸಿಟಿ ಆಫ್ ಸ್ಯಾಡ್‌ನೆಸ್' (1989) ವೆನಿಸ್‌ನಲ್ಲಿ ಚಿನ್ನದ ಸಿಂಹ ಪಡೆಯಿತು. ಆ ಚಿತ್ರದಲ್ಲಿ ತೈವಾನೀ, ಜಪಾನೀ, ಮ್ಯಾಂಡರಿನ್, ಶಾಂಘಾಯ್ ನುಡಿ, ಕ್ಯಾಂಟನೀಸ್ ಎಲ್ಲವೂ ಕೇಳಿಸುತ್ತವೆ. ಮುಖ್ಯ ಪಾತ್ರ ಮಾಡಿದ ಹಾಂಗ್‌ಕಾಂಗ್ ನಟ ಟೋನಿ ಲಿಯಾಂಗ್ ಅವರಿಗೆ ತೈವಾನೀ ಬರುತ್ತಿರಲಿಲ್ಲ. ಬೇರೆಯವರ ದನಿ ಕೂಡಿಸುವ ಬದಲು ಪಾತ್ರವನ್ನೇ ಕಿವುಡ ಮೂಗನನ್ನಾಗಿ ಬರೆದರು. ಹೆದರಿಕೆಯಿಂದ ಬಾಯಿ ಕಟ್ಟಿದ ಒಂದು ಕಾಲವನ್ನು ಹೇಳಲು ಇದಕ್ಕಿಂತ ತಕ್ಕ ಉಪಾಯ ಇರಲಾರದು. ನುಡಿಯ ನಿಷ್ಠೆ ಕಲೆಯ ಬೆಳವಣಿಗೆಗೆ ಹೇಗೆ ದಾರಿ ಮಾಡುತ್ತದೆ ಎಂಬುದಕ್ಕೆ ಇಡೀ ಏಷ್ಯಾದ ಸಿನಿಮಾದಲ್ಲಿ ಇದೇ ಉತ್ತಮ ನಿದರ್ಶನವೆಂದು ಈ ಲೇಖಕನ ಎಣಿಕೆ. ಎಡ್ವರ್ಡ್ ಯಾಂಗ್ ಅವರ 'ಎ ಬ್ರೈಟರ್ ಸಮ್ಮರ್ ಡೇ' (1991), 'ಯಿ ಯಿ' (2000) ತೈಪೆ ನಗರದ ಚಿತ್ರಗಳು. ಮೊದಲನೆಯದು ಚೀನದಿಂದ ಬಂದ ನಿರಾಶ್ರಿತರ ಮಕ್ಕಳು ಬೆಳೆದ ಕೇರಿಗಳನ್ನು ನಾಲ್ಕು ಗಂಟೆ ಹೊತ್ತು ಬಿಡದೆ ನೋಡುತ್ತದೆ.

ಹಾಂಗ್‌ಕಾಂಗ್ ನಗರ ಅಲ್ಲವೇ, ಅಲ್ಲಿನ ಸಿನಿಮಾ ಈ ವಾದಕ್ಕೆ ಹೊರತಲ್ಲವೇ ಎಂಬುದು ಎರಡನೆಯ ಆಕ್ಷೇಪ. ಮೇಲುನೋಟಕ್ಕೆ ಹೌದು. ಶಾ ಬ್ರದರ್ಸ್ 1961ರಲ್ಲಿ ಕಟ್ಟಿದ ದೊಡ್ಡ ಸ್ಟುಡಿಯೊದಿಂದ ಬಂದ ಚಿತ್ರಗಳು ಬಹು ಪಾಲು ಮ್ಯಾಂಡರಿನ್‌ನವು; 1972ರ ಹೊತ್ತಿಗೆ ನಗರದ ಜನರೆಲ್ಲ ಆಡುವ ಕ್ಯಾಂಟನೀಸ್‌ನಲ್ಲಿ ಚಿತ್ರ ತಯಾರಿಕೆ ಹೆಚ್ಚುಕಡಿಮೆ ನಿಂತೇಹೋಗಿತ್ತು. 1973ರಲ್ಲಿ ಚೊರ್ ಯುಯೆನ್ ಅವರ 'ದಿ ಹೌಸ್ ಆಫ್ 72 ಟೆನೆಂಟ್ಸ್' ಬಂತು: ಒಂದು ವಠಾರ, ಬಾಡಿಗೆಗೆ ಪೀಡಿಸುವ ಒಡತಿ, ನಾನಾ ಕಸುಬಿನ ಜನ, ಬೀದಿಯ ಮಾತು. ಆ ವರ್ಷ ಹಾಂಗ್‌ಕಾಂಗಿನಲ್ಲಿ ಅದು ಬ್ರೂಸ್ ಲೀಯ ಚಿತ್ರವನ್ನೂ ಗಳಿಕೆಯಲ್ಲಿ ಹಿಂದೆ ಹಾಕಿತು. ಅಲ್ಲಿಂದ ಕ್ಯಾಂಟನೀಸ್ ಸಿನಿಮಾ ಮತ್ತೆ ತಲೆ ಎತ್ತಿತು. ನಂತರದ ಎರಡು ದಶಕಗಳ ಹಾಂಗ್‌ಕಾಂಗ್ ಸಿನಿಮಾದ ಬೆಡಗಿಗೆ ಈ ಮನೆಮಾತಿನ ಗೆಲುವೇ ತಳಹದಿ. ಶಾಂಘಾಯ್‌ನಲ್ಲಿ ಹುಟ್ಟಿದ ವಾಂಗ್ ಕಾರ್ ವಾಯ್ ಅವರ 'ಇನ್ ದ ಮೂಡ್ ಫಾರ್ ಲವ್' (2000) ಕೂಡ ವಲಸೆ ಬಂದ ಶಾಂಘಾಯ್ ಜನರ ವಠಾರದ ಕಥೆ. ಮನೆಯೊಡತಿ ಆಡುವುದು ಅವರ ನುಡಿಯನ್ನೇ. ಕನ್ನಡದ ಅನುಭವ ಇಲ್ಲಿ ಸ್ವಲ್ಪ ಬೇರೆ. 1960ರ ದಶಕದಲ್ಲಿ ಡಬ್ಬಿಂಗ್ ತಡೆದು ಕನ್ನಡ ಚಿತ್ರ ತಯಾರಿಕೆಯನ್ನು ಕಾಪಾಡಿಕೊಂಡೆವು. ಅದು ಅಂದಿಗೆ ಸರಿಯಾದ ಹೋರಾಟ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬರುವವರೆಗೂ ಉಳಿದ ಆ ಕಟ್ಟಿನಿಂದಾಗಿ ಬ್ರೂಸ್ ಲೀಯಾಗಲಿ ಕುರೊಸಾವಾ ಆಗಲಿ ಕನ್ನಡದಲ್ಲಿ ಮಾತಾಡಲಿಲ್ಲ. ಇಂಗ್ಲಿಷ್ ಅಥವಾ ಹಿಂದಿ ತಿಳಿದಷ್ಟೇ ಸಿನಿಮಾ ತಿಳಿಯಿತು. ಹೊಡೆದಾಟಕ್ಕೆ ಭಾಷೆ ಬೇಡ, ಆದ್ದರಿಂದ ಹೊಡೆದಾಟವಷ್ಟೇ ಊರಿಗೆ ಬಂತು.

ಚೀನದ ನಿರ್ದೇಶಕ ಜಿಯಾ ಜಾಂಗ್‌ಕೆ ಅವರಲ್ಲಿ ಈ ಪರಂಪರೆಯೆಲ್ಲ ಒಂದು ಕಡೆ ಸೇರುತ್ತದೆ. 'ಶಿಯಾವೊ ವು' (1997), 'ಪ್ಲ್ಯಾಟ್‌ಫಾರ್ಮ್' (2000) ಶಾನ್ಶಿ ಪ್ರಾಂತದ ಅವರ ಹುಟ್ಟೂರು ಫೆನ್‌ಯಾಂಗ್‌ನಲ್ಲಿ, ಊರಿನ ನುಡಿಯಲ್ಲಿ ಮಾಡಿದ ಚಿತ್ರಗಳು. 'ಸ್ಟಿಲ್ ಲೈಫ್' (2006) ಯಾಂಗ್‌ಸಿ ನದಿಯ ತ್ರೀ ಗಾರ್ಜಸ್ ಅಣೆಕಟ್ಟಿನಿಂದ ಮುಳುಗುತ್ತಿದ್ದ ಫೆಂಗ್‌ಜಿಯೆ ಪಟ್ಟಣದಲ್ಲಿ ನಡೆಯುತ್ತದೆ. ಹದಿನಾರು ವರ್ಷದ ಹಿಂದೆ ಬಿಟ್ಟುಹೋದ ಹೆಂಡತಿಯನ್ನು ಹುಡುಕಿಕೊಂಡು ಗಣಿ ಕೆಲಸಗಾರನೊಬ್ಬ ಬರುತ್ತಾನೆ. ಅವಳ ಹಳೆಯ ವಿಳಾಸ ನೀರಿನಡಿಯಲ್ಲಿದೆ. ಹೊಟ್ಟೆಪಾಡಿಗೆ ಅವನು ಊರು ಕೆಡವುವ ಕೂಲಿಗೆ ಸೇರುತ್ತಾನೆ. ನಾ. ಡಿಸೋಜರ ಕಾದಂಬರಿ ಆಧರಿಸಿದ ಕಾಸರವಳ್ಳಿಯವರ 'ದ್ವೀಪ' (2002) ಇದಕ್ಕಿಂತ ನಾಲ್ಕು ವರ್ಷ ಮೊದಲಿನದು. ಏರುತ್ತಿರುವ ಹಿನ್ನೀರಿನ ನಡುವೆ ಮನೆ ಬಿಡದ ಮುದುಕ ದುಗ್ಗಜ್ಜ, ಮಗ, ಸೊಸೆ ನಾಗಿ. ಮನೆಯನ್ನು ಉಳಿಸಿದ್ದು ಯಾರು ಎಂಬ ಪ್ರಶ್ನೆಯಲ್ಲಿ ನಾಗಿಯ ದುಡಿಮೆ ಲೆಕ್ಕಕ್ಕೇ ಬಾರದೆ ಹೋಗುತ್ತದೆ. ಜಿಯಾ ಒಂದು ಊರು ಕರಗುವುದನ್ನು ಕೆಡವುವವರ ಕಣ್ಣಿನಿಂದ ತೋರಿಸಿದರೆ, ಕಾಸರವಳ್ಳಿ ಉಳಿಯಲು ಹೆಣಗುವ ಹೆಣ್ಣಿನ ಕಣ್ಣಿನಿಂದ ತೋರಿಸಿದರು. ಎರಡರಲ್ಲಿ 'ದ್ವೀಪ' ಹೆಚ್ಚು ಒಳಗಿಳಿಯುತ್ತದೆ, 'ಸ್ಟಿಲ್ ಲೈಫ್' ಹೆಚ್ಚು ಅಗಲವಾಗಿ ನೋಡುತ್ತದೆ. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು, ಅದರ ರೇಣುಕಾಸಾಗರದ ಹಿನ್ನೀರು ಈ ಸೀಮೆಯ ಹೊಲಮನೆಗಳನ್ನೂ ಕದಲಿಸಿದೆ. ಆ ಕಥೆ ಇನ್ನೂ ಸಿನಿಮಾ ಆಗಿಲ್ಲ.

ತಮ್ಮವರೇ ನೋಡದ ಚಿತ್ರಗಳಿಂದ ಊರಿಗೆ ಏನು ಲಾಭ ಎಂಬುದು ಉಳಿದ ಆಕ್ಷೇಪ. ಜಿಯಾ ಅವರ ಮೊದಲ ಮೂರು ಕಥಾಚಿತ್ರಗಳು ಚೀನದ ಚಿತ್ರಮಂದಿರಗಳಿಗೆ ಬರಲೇ ಇಲ್ಲ. ಅಧಿಕೃತ ಒಪ್ಪಿಗೆ ಸಿಕ್ಕಿದ್ದು 2004ರ 'ದಿ ವರ್ಲ್ಡ್' ಚಿತ್ರಕ್ಕೆ. ಕನ್ನಡದ ಹೊಸ ಅಲೆಯ ಚಿತ್ರಗಳೂ ಜಿಲ್ಲಾ ಕೇಂದ್ರಗಳನ್ನು ದಾಟಿದ್ದು ಕಡಿಮೆ. ಆಕ್ಷೇಪ ನಿಜ, ಅದರ ಗುರಿ ಮಾತ್ರ ತಪ್ಪು. ಇಲ್ಲಿ ಸೋತದ್ದು ಪ್ರದರ್ಶನ ವ್ಯವಸ್ಥೆ. ಅದನ್ನು ಸರಿಪಡಿಸಿದ ಕಡೆ ಫಲ ಬಂದಿದೆ. ಕೆ.ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲಿ ಹೆಗ್ಗೋಡಿನಂಥ ಹಳ್ಳಿಯಲ್ಲಿ ಚಿತ್ರಸಮಾಜ ಕಟ್ಟಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ರೈತರ ಮುಂದೆ ಇಟ್ಟಿತು. ಬೆಂಗಳೂರಿನಲ್ಲಿ 1971ರಲ್ಲಿ ಹುಟ್ಟಿದ ಸುಚಿತ್ರ ಫಿಲ್ಮ್ ಸೊಸೈಟಿ ನಗರದಲ್ಲಿ ಅದೇ ಕೆಲಸ ಮಾಡಿತು. ದಕ್ಷಿಣ ಕೊರಿಯಾ 1966ರಿಂದ ಸ್ವದೇಶಿ ಚಿತ್ರಗಳಿಗೆ ಚಿತ್ರಮಂದಿರಗಳಲ್ಲಿ ದಿನಗಳನ್ನು ಮೀಸಲಿಟ್ಟಿತು. 2006ರಲ್ಲಿ ಆ ಮೀಸಲನ್ನು 73 ದಿನಕ್ಕೆ ಇಳಿಸಿದಾಗ ಚಿತ್ರರಂಗದವರು ಬೀದಿಗಿಳಿದರು. ಬಾಂಗ್ ಜೂನ್ ಹೋ, ಲೀ ಚಾಂಗ್ ಡಾಂಗ್ ಬೆಳೆದದ್ದು ಈ ನೆರಳಿನಲ್ಲಿ. ಬಾಂಗ್ ಅವರ 'ಮೆಮೊರೀಸ್ ಆಫ್ ಮರ್ಡರ್' (2003) ಗದ್ದೆ ಬಯಲಿನ ಊರಿನ ಕಥೆ, ಲೀ ಅವರ 'ಸೀಕ್ರೆಟ್ ಸನ್‌ಶೈನ್' (2007) ಮಿರ್ಯಾಂಗ್ ಎಂಬ ಸಣ್ಣ ಪಟ್ಟಣದ್ದು. ಕೊರಿಯಾದ ದೊಡ್ಡ ಚಿತ್ರೋತ್ಸವ 1996ರಲ್ಲಿ ಆರಂಭವಾದದ್ದೂ ರಾಜಧಾನಿ ಸೋಲ್‌ನಲ್ಲಿ ಅಲ್ಲ, ಬುಸಾನ್ ಬಂದರಿನಲ್ಲಿ. ಜಿಯಾ 2017ರಲ್ಲಿ ತಮ್ಮ ಪ್ರಾಂತದ ಪಿಂಗ್ಯಾವೊ ಎಂಬ ಹಳೆಯ ಕೋಟೆಪಟ್ಟಣದಲ್ಲಿ ಉತ್ಸವ ಕಟ್ಟಿದರು.

ಕನ್ನಡದ ಇತ್ತೀಚಿನ ಒಳನಾಡಿನ ಚಿತ್ರಗಳನ್ನು ಗುರುತಿಸಿದ್ದು ಇದೇ ಎರಡು ಊರುಗಳು. ಉತ್ತರ ಕನ್ನಡದ ಮಲೆನಾಡಿನಲ್ಲಿ, ತಂದೆಯನ್ನೇ ಮುಖ್ಯಪಾತ್ರದಲ್ಲಿ ನಿಲ್ಲಿಸಿ ನಟೇಶ್ ಹೆಗಡೆ ಮಾಡಿದ 'ಪೆದ್ರೊ' 2021ರಲ್ಲಿ ಬುಸಾನ್‌ನಲ್ಲಿ ಮೊದಲ ಪ್ರದರ್ಶನ ಕಂಡು, ಪಿಂಗ್ಯಾವೊದಲ್ಲಿ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಪಡೆಯಿತು. ಮರುವರ್ಷ ಜೈಶಂಕರ್ ಆರ್ಯರ್ ಅವರ 'ಶಿವಮ್ಮ' ಬುಸಾನ್‌ನ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು, ಸರಣಿ ಮಾರಾಟದ ಕಂಪನಿಯ ಪುಡಿಯನ್ನು ನಂಬಿ ಮನೆಯ ದುಡ್ಡೆಲ್ಲ ಸುರಿಯುವ ಕಥೆ ಅದು. ನಟಿಸಿದವರು ಊರಿನವರೇ, ಮಾತು ಬಯಲುಸೀಮೆಯದೇ. ಕಟಕೋಳದ ಪ್ರೇಕ್ಷಕರಿಗೆ ಆ ಮಾತಿನಲ್ಲಿ ಅಪರಿಚಿತವಾದದ್ದು ಏನೂ ಇಲ್ಲ. ಚೀನದೊಳಗೆ ಟಿಬೆಟನ್ ನುಡಿಯಲ್ಲಿ 'ಥಾರ್ಲೊ' (2015) ಮುಂತಾದ ಚಿತ್ರ ಮಾಡಿ 2023ರಲ್ಲಿ ತೀರಿಕೊಂಡ ಪೆಮಾ ತ್ಸೆಡೆನ್ ಅವರ ನುಡಿಯನ್ನು ಆಡುವ ಸಾವಿರಾರು ಜನ ನಮ್ಮ ಮುಂಡಗೋಡ, ಬೈಲಕುಪ್ಪೆಗಳಲ್ಲಿದ್ದಾರೆ. ದಾರಿ ಇಷ್ಟು ಹತ್ತಿರವಿದ್ದರೂ 'ಚ್ಯೂ ಜೂ', 'ಸ್ಟಿಲ್ ಲೈಫ್', 'ಓಲ್ಡ್ ವೆಲ್', 'ಸೊಪ್ಯೊಂಜೆ'ಗಳನ್ನು ಇಂಗ್ಲಿಷ್ ಅಡಿಬರಹ ಓದಬಲ್ಲವರಷ್ಟೇ ಇಲ್ಲಿ ನೋಡುತ್ತಿದ್ದಾರೆ. ಕರ್ನಾಟಕ ಚಲನಚಿತ್ರ ಅಕಾಡೆಮಿ, ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಮತ್ತು ತಾಲೂಕು ಕೇಂದ್ರಗಳ ಕಾಲೇಜುಗಳು ಸೇರಿ ಈ ನಾಲ್ಕು ಚಿತ್ರಗಳಿಗಾದರೂ ಕನ್ನಡ ಅಡಿಬರಹ ಸಿದ್ಧಪಡಿಸಿ, ಹಕ್ಕು ಪಡೆದು, ರಾಮದುರ್ಗ, ಬೈಲಹೊಂಗಲ, ಸವದತ್ತಿಗಳಲ್ಲಿ ಪ್ರದರ್ಶಿಸಬೇಕು.